ಏಳನೆಯವನ ಹೆಸರು

ಪರದೇಶಕ್ಕೆ ಹೋಗಿಬಂದವರನ್ನು ನಮ್ಮ ಜನ ಮೊದಲು ಕೇಳುವ ಪ್ರಶ್ನೆ, ಅಲ್ಲಿ ಏನೇನು ನೋಡಿದಿರಿ ಎಂಬುದು. ಟೋಕಿಯೋದಿಂದ ಹಿಂದಿರುಗಿದ ಮೇಲೆ ನನ್ನ ಸಹೋದ್ಯೋಗಿಗಳೂ ಅದನ್ನೇ ಕೇಳಿದರು. ಗುಡಿಗಳನ್ನು ನೋಡಿದೆ, ಅರಮನೆಯ ಕಂದಕವನ್ನು ನೋಡಿದೆ ಎಂದಾಗ ತಲೆದೂಗಿದರು. ಒಂದು ಇಡೀ ಮಧ್ಯಾಹ್ನವನ್ನು ಕತ್ತಲೆಯಲ್ಲಿ ಕುಳಿತು, ಎಪ್ಪತ್ತು ವರ್ಷ ಹಳೆಯದಾದ ಕಪ್ಪುಬಿಳುಪಿನ ಚಿತ್ರವೊಂದನ್ನು ನೋಡುತ್ತ ಕಳೆದೆ ಎಂದಾಗ ಮಾತ್ರ ನಕ್ಕುಬಿಟ್ಟರು. ಅದನ್ನು ಬೆಂಗಳೂರಿನಲ್ಲಿಯೇ ನೋಡಬಹುದಾಗಿತ್ತಲ್ಲ, ವಿಮಾನದ ಖರ್ಚಾದರೂ ಉಳಿಯುತ್ತಿತ್ತು ಎಂದರು. ನೋಡಬಹುದಾಗಿತ್ತು, ನಿಜ. ವಿದ್ಯಾರ್ಥಿಯಾಗಿದ್ದಾಗ ಚಿತ್ರಸಮಾಜವೊಂದರ ಪ್ರದರ್ಶನದಲ್ಲಿ ನೋಡಿಯೂ ಇದ್ದೆ. ಆದರೆ ಆಗ ನಾನು ನೋಡಿದ್ದು ಒಂದು ಕಥೆಯನ್ನು. ಈ ಸಲ ಅದೇ ಚಿತ್ರದಲ್ಲಿ ನನಗೆ ಕಂಡದ್ದು ಒಂದು ಇಸವಿ. ಆ ಇಸವಿಯ ವಿಚಾರವನ್ನು ಹೇಳಬೇಕೆಂದೇ ಈ ಲೇಖನ.

ನನ್ನ ತಂಗಿಯ ಸಂಸಾರ ಕೆಲವು ವರ್ಷಗಳಿಂದ ಟೋಕಿಯೋದಲ್ಲಿದೆ. ಕಾಲೇಜಿನ ರಜೆಯಲ್ಲಿ ಮೂರು ವಾರ ಅವರ ಮನೆಯಲ್ಲಿ ಇದ್ದುಬಂದೆ. ಒಂದು ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ತಂಗಿಯ ಯಜಮಾನರು, “ಭಾವ, ಇಲ್ಲಿಂದ ನಾಲ್ಕು ಸ್ಟೇಷನ್ ಆಚೆ ಒಂದು ಮೇಗಾಝಾ ಇದೆ. ಇವತ್ತು ಅಲ್ಲಿ ಕುರೊಸಾವ ಅವರ ಚಿತ್ರ. ಮೂರೂವರೆ ಗಂಟೆ ಕೂರುವ ಸಹನೆ ಇದ್ದರೆ ಹೋಗೋಣ” ಎಂದರು. ಮೇಗಾಝಾ ಎಂದರೆ ಹೆಸರಾಂತ ಚಿತ್ರಗಳ ಮಂದಿರ ಎಂದು ಅರ್ಥ. ಹೊಸ ಚಿತ್ರಗಳ ಗೊಡವೆಗೆ ಹೋಗದೆ, ಹಿಂದಿನ ಒಳ್ಳೆಯ ಚಿತ್ರಗಳನ್ನು ಸರದಿಯ ಮೇಲೆ ತೋರಿಸುವ ಸಣ್ಣ ಚಿತ್ರಮಂದಿರಗಳಿಗೆ ಅಲ್ಲಿನವರು ಇಟ್ಟಿರುವ ಹೆಸರು ಅದು. ಹಿಂದೆ ಇಂಥವು ಬಹಳ ಇದ್ದವಂತೆ. ಈಗ ಎಣಿಸಿದಷ್ಟು ಉಳಿದಿವೆ.

ನಾವು ಹೋದದ್ದು ಅಂಗಡಿಗಳ ಸಾಲಿನ ನಡುವೆ, ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕಾದ ಒಂದು ಪುಟ್ಟ ಸಭಾಂಗಣಕ್ಕೆ. ಬಂದವರಲ್ಲಿ ಅರ್ಧಕ್ಕರ್ಧ ವಯಸ್ಸಾದವರು. ಉಳಿದವರು ಕಾಲೇಜು ಹುಡುಗರು. ಗದ್ದಲವಿಲ್ಲ, ಶಿಳ್ಳೆಯಿಲ್ಲ. ನನ್ನ ಬಲಗಡೆಯ ಕುರ್ಚಿಯಲ್ಲಿ ಕೋಲೂರಿಕೊಂಡು ಬಂದ ವೃದ್ಧರೊಬ್ಬರು ಕುಳಿತರು. ಕುಳಿತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ನನಗೂ ಸ್ವಲ್ಪ ತಲೆಬಾಗಿದರು. ಪರದೆಯ ಕೆಳಗೆ ಅರ್ಥ ಹೇಳುವ ಇಂಗ್ಲಿಷ್ ಸಾಲುಗಳು ಬರುವುದಿಲ್ಲವೆಂದು ನನಗೆ ಆಗ ಹೊಳೆಯಿತು. ಅವರ ಭಾಷೆಯ ಚಿತ್ರ, ಅವರ ಊರಿನಲ್ಲಿ. ಅವರಿಗೆ ಅರ್ಥ ಹೇಳುವವರು ಯಾಕೆ ಬೇಕು? ನೆನಪನ್ನೂ ಭಾವಮೈದುನರ ಪಿಸುಮಾತನ್ನೂ ನಂಬಿ ಕುಳಿತೆ.

ಚಿತ್ರ ‘ಏಳು ಮಂದಿ ಸಮುರಾಯ್’. ಅಕಿರಾ ಕುರೊಸಾವ ಅವರ ನಿರ್ದೇಶನದಲ್ಲಿ ತೊಹೊ ಸಂಸ್ಥೆ ತಯಾರಿಸಿ, ೧೯೫೪ನೆಯ ಇಸವಿ ಏಪ್ರಿಲ್ ೨೬ರಂದು ತೆರೆಗೆ ತಂದದ್ದು. ಒಟ್ಟು ೨೦೭ ನಿಮಿಷಗಳ ಓಟ. ಅದೇ ವರ್ಷ ವೆನಿಸ್ ನಗರದ ಉತ್ಸವದಲ್ಲಿ ಬೆಳ್ಳಿಯ ಸಿಂಹ ಪ್ರಶಸ್ತಿಯನ್ನು ಪಡೆಯಿತು. ಕಥೆಯನ್ನು ಬಲ್ಲವರು ಬಲ್ಲರು. ತಿಳಿಯದವರಿಗಾಗಿ ಎರಡು ಮಾತು. ಬೆಟ್ಟಗಳ ನಡುವೆ ಒಂದು ಬಡ ಹಳ್ಳಿ. ಕುದುರೆ ಏರಿದ ನಲವತ್ತು ಮಂದಿ ದರೋಡೆಗಾರರು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಜವೆಗೋದಿ ಕೊಯ್ಲಿಗೆ ಬಂದಾಗ ಮತ್ತೆ ಬರೋಣವೆಂದು ಅವರು ಆಡಿಕೊಂಡದ್ದು ಒಬ್ಬ ರೈತನ ಕಿವಿಗೆ ಬೀಳುತ್ತದೆ. ನೀರಿನ ಗಿರಣಿಯಲ್ಲಿ ವಾಸವಾಗಿರುವ ಊರ ಹಿರಿಯ ಹೇಳುವ ಉಪಾಯ ಒಂದೇ: ಹಸಿದಿರುವ ಸಮುರಾಯ್‌ಗಳನ್ನು ಹುಡುಕಿ ಕರೆತನ್ನಿ. ಕೊಡಲು ಹಣವಿಲ್ಲ. ಮೂರು ಹೊತ್ತು ಅನ್ನ ಮಾತ್ರ ಕೊಡಬಲ್ಲರು. ಅದಕ್ಕಾಗಿ ತಾವು ಊದಲು ಬೇಯಿಸಿಕೊಂಡು ತಿನ್ನುತ್ತಾರೆ. ಆ ಅನ್ನದ ಬಟ್ಟಲನ್ನು ಕೈಯಲ್ಲಿ ಹಿಡಿದು, ಇದನ್ನು ನಾವು ವ್ಯರ್ಥವಾಗಿ ಉಣ್ಣುವುದಿಲ್ಲವೆಂದು ಒಪ್ಪಿಕೊಳ್ಳುವ ಹಿರಿಯ ಸಮುರಾಯ್‌ನ ಹೆಸರು ಕಂಬೆಯ್. ತಕಾಷಿ ಷಿಮುರ ಎಂಬ ನಟರ ಪಾತ್ರ. ಅವನ ಹಿಂದೆ ಐದು ಮಂದಿ ಕೂಡಿಕೊಳ್ಳುತ್ತಾರೆ. ಏಳನೆಯವನೊಬ್ಬ ಕರೆಯದೆಯೇ ಬರುತ್ತಾನೆ.

ಈ ಏಳನೆಯವನೇ ತೊಷಿರೊ ಮಿಫುನೆ ಅಭಿನಯಿಸಿದ ಕಿಕುಚಿಯೊ. ತನ್ನ ಅಳತೆಗೆ ಮೀರಿದ ಉದ್ದನೆಯ ಕತ್ತಿಯನ್ನು ಹೆಗಲ ಮೇಲೆ ಹೊತ್ತು ತಿರುಗುವವನು. ಅವನ ನಡೆಯಲ್ಲಿ ಹದವಿಲ್ಲ, ಮಾತಿನಲ್ಲಿ ನಯವಿಲ್ಲ. ತಾನೂ ಸಮುರಾಯ್ ಎಂದು ತೋರಿಸಲು, ಕುಡಿದ ಅಮಲಿನಲ್ಲಿ, ವಂಶಾವಳಿಯ ಸುರುಳಿಯೊಂದನ್ನು ಕಂಬೆಯ್‌ನ ಮುಂದೆ ಹಾಸುತ್ತಾನೆ. ಕಂಬೆಯ್ ಓದಿ ನೋಡುತ್ತಾನೆ. ಆ ಸುರುಳಿಯಲ್ಲಿರುವ ಕಿಕುಚಿಯೊ ಹುಟ್ಟಿದ್ದು ತೆನ್‌ಷೊ ಎಂಬ ಶಕೆಯ ಎರಡನೆಯ ವರ್ಷ. ಹಾಗಾದರೆ ಈ ಗಡ್ಡದ ಆಸಾಮಿಗೆ ಈಗ ಹದಿಮೂರು ವರ್ಷ ನಡೆಯುತ್ತಿರಬೇಕು! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸುರುಳಿ ಕದ್ದದ್ದು ಎಂದು ಬಯಲಾಗುತ್ತದೆ. ಅವನ ನಿಜವಾದ ಹೆಸರೇನು? ಚಿತ್ರ ಮುಗಿಯುವವರೆಗೂ ಯಾರಿಗೂ ತಿಳಿಯುವುದಿಲ್ಲ. ಕದ್ದ ಹೆಸರಿನಿಂದಲೇ ಅವನನ್ನು ಕರೆಯುತ್ತಾರೆ.

ಸಭಾಂಗಣವೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಿದ್ದಂತೆಯೇ ಮೇಷ್ಟರ ಕಸುಬಿನ ಚಾಳಿ ಎಚ್ಚೆತ್ತು ಲೆಕ್ಕ ಹಾಕತೊಡಗಿತು. ತೆನ್‌ಷೊ ಶಕೆಯ ಎರಡನೆಯ ವರ್ಷವೆಂದರೆ ಕ್ರಿ.ಶ. ೧೫೭೪. ಹುಟ್ಟಿದ ಕೂಡಲೇ ಒಂದು ವರ್ಷವೆಂದು ಎಣಿಸುವುದು ಜಪಾನಿನ ಹಳೆಯ ಪದ್ಧತಿ. ಆ ಲೆಕ್ಕಕ್ಕೆ ಹದಿಮೂರು ನಡೆಯಬೇಕಾದರೆ ಇಸವಿ ೧೫೮೬ ಆಗಬೇಕು. ಹಾಗೆಂದರೆ ಈ ಹಳ್ಳಿಯ ಕಥೆ ‘ಒಂದಾನೊಂದು ಕಾಲ’ದ್ದಾಗಿರದೆ, ಖಚಿತವಾಗಿ ೧೫೮೬ರಲ್ಲಿ ನಡೆದದ್ದು. ಆ ವರ್ಷ ಜಪಾನಿನಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು ಎಂದು ನೆನೆದಾಗ ನನ್ನ ನಗು ನಿಂತಿತು.

ಆಗ ದೇಶದ ಸೂತ್ರಗಳು ಇದ್ದದ್ದು ಹಿದೆಯೊಷಿಯ ಕೈಯಲ್ಲಿ. ಈತ ೧೫೩೭ರಲ್ಲಿ ಒವಾರಿ ಪ್ರಾಂತದ ನಕಮುರ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ತಂದೆ ಹೊಲ ಉಳುತ್ತ, ಕರೆ ಬಂದಾಗ ಕಾಲಾಳಾಗಿ ಹೋಗುತ್ತಿದ್ದವನೆಂದು ಹೇಳುತ್ತಾರೆ. ಮಗ ಓದ ನೊಬುನಾಗ ಎಂಬ ದೊರೆಯ ಬಳಿ ಕೀಳು ಚಾಕರಿಗೆ ಸೇರಿದ. ದೊರೆಯ ಪಾದರಕ್ಷೆಗಳನ್ನು ಹಿಡಿಯುತ್ತಿದ್ದನೆಂದು ಐತಿಹ್ಯ. ಬುದ್ಧಿಯಿಂದಲೂ ಸಾಹಸದಿಂದಲೂ ಮೇಲೇರಿ ಸೇನಾನಿಯಾದ. ೧೫೮೨ರಲ್ಲಿ ನೊಬುನಾಗ ತನ್ನ ಸೇನಾನಿಯೊಬ್ಬನ ದ್ರೋಹದಿಂದ ಮಡಿದಾಗ, ಆ ದ್ರೋಹಿಯನ್ನು ಕೆಲವೇ ದಿನಗಳಲ್ಲಿ ಮುರಿದು ದೊರೆಯ ಸ್ಥಾನಕ್ಕೆ ತಾನೇ ಬಂದ. ೧೫೮೫ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಆಳುವ ‘ಕಂಪಾಕು’ ಎಂಬ ಪದವಿ ಅವನಿಗೆ ಸಂದಿತು.

ಈ ಪದವಿಗೆ ಒಂದು ತೊಡಕಿತ್ತು. ಅದು ಫುಜಿವಾರ ಎಂಬ ಪ್ರಾಚೀನ ಕುಲೀನ ವಂಶದವರಿಗೆ ಮೀಸಲು. ಹೊಲದ ಮಣ್ಣಿನಿಂದ ಎದ್ದು ಬಂದವನಿಗೆ ಆ ವಂಶವೆಲ್ಲಿಂದ ಬರಬೇಕು? ಅದಕ್ಕೂ ದಾರಿ ಕಂಡಿತು. ಫುಜಿವಾರ ವಂಶದ ಕೊನೊಯೆ ಮನೆತನದ ಹಿರಿಯನೊಬ್ಬ ಹಿದೆಯೊಷಿಯನ್ನು ಮಗನಂತೆ ಸ್ವೀಕರಿಸಿದ. ಆಗ ಹಿದೆಯೊಷಿಗೆ ನಡುವಯಸ್ಸು ಸಮೀಪಿಸಿ ಐವತ್ತರ ಹತ್ತಿರ. ಹೀಗೆ ಅವನಿಗೆ ವಂಶವೂ ಸಿಕ್ಕಿತು, ಪದವಿಯೂ ಸಿಕ್ಕಿತು. ಮುಂದೆ ರಾಜಸಭೆ ಅವನಿಗಾಗಿಯೇ ತೊಯೊತೊಮಿ ಎಂಬ ಹೊಸ ಕುಲನಾಮವನ್ನು ದಯಪಾಲಿಸಿತು.

ವಾಚಕರೇ ಯೋಚಿಸಬೇಕು. ಚಿತ್ರದ ಹೋಟೆಲಿನಲ್ಲಿ ಒಬ್ಬ ರೈತನ ಮಗ ಬೇರೆಯವರ ವಂಶಾವಳಿಯನ್ನು ಮುಂದಿಟ್ಟು ನಗೆಪಾಟಲಾಗುತ್ತಿದ್ದ ಆ ವೇಳೆಯಲ್ಲಿಯೇ, ಕ್ಯೋತೊ ನಗರದಲ್ಲಿ ಇನ್ನೊಬ್ಬ ರೈತನ ಮಗ ಬೇರೆಯವರ ವಂಶಾವಳಿಯ ಬಲದಿಂದ ರಾಜ್ಯ ಆಳುತ್ತಿದ್ದ. ಒಬ್ಬನನ್ನು ನೋಡಿ ನಕ್ಕರು. ಇನ್ನೊಬ್ಬನಿಗೆ ನೆಲಮುಟ್ಟಿ ನಮಸ್ಕರಿಸಿದರು. ಕುರೊಸಾವ ಅವರು ಇದನ್ನು ಬೇಕೆಂದೇ ಇಟ್ಟರೋ ಇಲ್ಲವೋ ಹೇಳಲಾರೆ. ಅಕಿತ ಪ್ರಾಂತದ ಸಮುರಾಯ್ ಮೂಲದ ಮನೆತನದಲ್ಲಿ ೧೯೧೦ರಲ್ಲಿ ಹುಟ್ಟಿದವರು ಅವರು. ವಂಶಾವಳಿಯ ಬೆಲೆ ಏನೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಿತ್ರವನ್ನು ಬರೆದ ಬಗೆಯೂ ಇಲ್ಲಿ ನೆನೆಯತಕ್ಕದ್ದು. ಕುರೊಸಾವ, ಷಿನೊಬು ಹಷಿಮೊತೊ, ಹಿದೆಯೊ ಒಗುನಿ, ಈ ಮೂವರು ಅತಮಿ ಎಂಬ ಊರಿನ ತಂಗುಮನೆಯೊಂದರಲ್ಲಿ ಕುಳಿತು ಬರೆದರು. ಮೊದಲು ಅವರು ಯೋಚಿಸಿದ್ದು ಬೇರೆಯೇ ಕಥೆ: ಶಾಂತಿಕಾಲದ ಸಮುರಾಯ್ ಒಬ್ಬನ ಒಂದು ದಿನ. ಬೆಳಗ್ಗೆ ಎದ್ದವನು ಸಂಜೆಗೆ ಆತ್ಮಾಹುತಿ ಮಾಡಿಕೊಳ್ಳುವವರೆಗಿನ ವೃತ್ತಾಂತ. ಆದರೆ ಅಂಥವನು ಮಧ್ಯಾಹ್ನ ಊಟ ಮಾಡುತ್ತಿದ್ದನೇ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದನೇ ಎಂಬ ಸಣ್ಣ ಸಂಗತಿ ಖಚಿತವಾಗಲಿಲ್ಲ. ಅದು ತಿಳಿಯದೆ ಕಥೆಯನ್ನೇ ಕೈಬಿಟ್ಟರು. ಆಮೇಲೆ, ಯುದ್ಧಗಳ ಯುಗದಲ್ಲಿ ರೈತರು ಕಾವಲಿಗಾಗಿ ಸಮುರಾಯ್‌ಗಳನ್ನು ಇಟ್ಟುಕೊಳ್ಳುತ್ತಿದ್ದರೆಂಬುದು ತಿಳಿದುಬಂದು, ಈ ಕಥೆ ಹುಟ್ಟಿತು. ಒಂದು ಹೊತ್ತಿನ ಊಟದ ವಿಚಾರದಲ್ಲಿ ಇಷ್ಟು ನಿಷ್ಠೆ ತೋರಿದವರು ಇಸವಿಯನ್ನು ಸುಮ್ಮಸುಮ್ಮನೆ ಇಟ್ಟಿರಲಾರರು ಎಂದು ನನ್ನ ಎಣಿಕೆ.

ಸಮುರಾಯ್ ಎಂಬ ಮಾತಿನ ಮೂಲಾರ್ಥ ಸೇವೆ ಮಾಡುವವನು, ಊಳಿಗದವನು ಎಂದು. ನಮ್ಮ ‘ಬಂಟ’ ಎಂಬ ಶಬ್ದವನ್ನು ನೆನೆದರೆ ಇದು ತಟ್ಟನೆ ಅರ್ಥವಾಗುತ್ತದೆ. ಆಳೂ ಬಂಟನೇ, ಶೂರನೂ ಬಂಟನೇ. ರೈತನಿಗೆ ಜಪಾನಿಯಲ್ಲಿ ‘ಹ್ಯಕುಷೊ’ ಎನ್ನುತ್ತಾರೆ; ಅಕ್ಷರಶಃ ನೂರು ಮನೆತನದ ಹೆಸರುಗಳು. ನೂರಾರು ಕುಲದ ಜನಸಾಮಾನ್ಯರೆಂಬುದು ಅದರ ಹಿನ್ನೆಲೆ. ಆ ಕಾಲಕ್ಕೆ ಈ ಎರಡರ ನಡುವೆ ಗೆರೆ ಇತ್ತು; ಗೋಡೆ ಇರಲಿಲ್ಲ. ಹಿದೆಯೊಷಿಯ ತಂದೆಯಂತೆ ಬೇಸಾಯಗಾರ ಕರೆ ಬಂದಾಗ ಈಟಿ ಹಿಡಿಯುತ್ತಿದ್ದ. ಸೋತ ಯೋಧ ಹಳ್ಳಿಗೆ ಹಿಂದಿರುಗಿ ನೇಗಿಲು ಹಿಡಿಯುತ್ತಿದ್ದ. ಹಳ್ಳಿಗಳವರು ತಮ್ಮ ಊರನ್ನು ತಾವೇ ಕಾಯ್ದುಕೊಳ್ಳುತ್ತಿದ್ದದ್ದೂ, ಅದಕ್ಕೆ ಬೇಕಾದ ಆಯುಧಗಳನ್ನು ಇಟ್ಟುಕೊಂಡಿದ್ದದ್ದೂ ಇತಿಹಾಸ.

ಚಿತ್ರದ ರೈತರು ಮೊದಲಿಗೆ ಕೇವಲ ಅಂಜುಬುರುಕರಾಗಿ ಕಾಣುತ್ತಾರೆ. ಆದರೆ ಕಿಕುಚಿಯೊ ಅವರ ಮನೆಗಳಿಂದ ಒಂದು ರಾಶಿ ಕವಚ, ಈಟಿ, ಬಿಲ್ಲುಗಳನ್ನು ಹೊರಗೆಳೆದು ತಂದು ಹಾಕಿದಾಗ ನಿಜ ಹೊರಬೀಳುತ್ತದೆ. ಸೋತು ಓಡಿಬಂದ ಸಮುರಾಯ್‌ಗಳನ್ನು ಈ ಬಡಪಾಯಿಗಳೇ ಬೇಟೆಯಾಡಿ ಕೊಂದು ಸುಲಿದುಕೊಂಡ ಸೊತ್ತು ಅದು. ಉಳಿದ ಸಮುರಾಯ್‌ಗಳ ಮುಖ ಕಪ್ಪಿಡುತ್ತದೆ. ಆಗ ಕಿಕುಚಿಯೊ ಸಿಡಿದೇಳುತ್ತಾನೆ. ರೈತರು ಜಿಪುಣರು, ಕಪಟಿಗಳು, ಧಾನ್ಯವನ್ನು ನೆಲದಡಿ ಹೂತಿಟ್ಟು ಇಲ್ಲವೆನ್ನುವವರು, ಕೊಲೆಗಡುಕರು ಎಂದು ಬಯ್ಯುತ್ತ ಹೋಗಿ, ಫಕ್ಕನೆ ತಿರುಗಿ, ಅವರನ್ನು ಹಾಗೆ ಮಾಡಿದವರು ಯಾರು, ನೀವಲ್ಲವೆ ಎಂದು ಕೇಳುತ್ತಾನೆ. ಊರು ಸುಟ್ಟವರು, ಬೆಳೆ ಕಿತ್ತುಕೊಂಡವರು, ಹೆಂಗಸರನ್ನು ಎಳೆದೊಯ್ದವರು ನೀವೇ ಎಂದು ಹೇಳಿ ಕುಸಿದು ಕುಳಿತು ಅಳುತ್ತಾನೆ. ಕಂಬೆಯ್‌ನ ಕಣ್ಣು ತೇವವಾಗುತ್ತದೆ. ನೀನು ರೈತನ ಮಗನಲ್ಲವೆ ಎಂದಷ್ಟೇ ಕೇಳುತ್ತಾನೆ. ಕಿಕುಚಿಯೊ ಎದ್ದು ಹೊರಗೆ ಹೋಗಿಬಿಡುತ್ತಾನೆ.

ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಪಕ್ಕದ ವೃದ್ಧರು ಕನ್ನಡಕ ತೆಗೆದು ಒರೆಸಿಕೊಂಡರು.

ಚಿತ್ರದೊಳಗೇ ವಿರಾಮವಿದೆ, ಪರದೆಯ ಮೇಲೆ ಅಕ್ಷರ ಮೂಡಿ ಫುಮಿಯೊ ಹಯಸಾಕರ ಸಂಗೀತ ಕೆಲವು ನಿಮಿಷ ನುಡಿಯುತ್ತದೆ. ದೀಪ ಹತ್ತಿದಾಗ ವೃದ್ಧರು ಭಾವಮೈದುನರ ಮೂಲಕ ನನ್ನ ಊರು, ಕಸುಬು ವಿಚಾರಿಸಿದರು. ತಮಗೆ ಎಂಬತ್ತೆಂಟು ವರ್ಷವೆಂದೂ, ಈ ಚಿತ್ರ ಮೊದಲು ಬಂದಾಗ ಹದಿನೇಳೆಂದೂ ಹೇಳಿದರು. ಅವರದು ಉತ್ತರದ ಒಂದು ಹಳ್ಳಿಯ ಗೇಣಿದಾರರ ಮನೆ. ಮನೆಯಲ್ಲಿ ಮುತ್ತಾತನ ಕಾಲದ್ದೊಂದು ಗಿಡ್ಡ ಕತ್ತಿ ಇತ್ತು. ೧೯೪೫ರಲ್ಲಿ ಜಪಾನು ಶರಣಾದ ಮೇಲೆ, ಎಲ್ಲರೂ ಕತ್ತಿಗಳನ್ನು ಒಪ್ಪಿಸತಕ್ಕದ್ದೆಂದು ಅಮೆರಿಕನ್ನರ ಆಜ್ಞೆಯಾಯಿತು. ಅಜ್ಜಿ, ಅಕ್ಕಿಯ ಕಣಜದ ಕೆಳಗೆ ಹೂತಿಡೋಣ ಎಂದರಂತೆ. ತಂದೆ ಒಪ್ಪಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು, ನಡೆದು ಹೋಗಿ ಕೊಟ್ಟುಬಂದು, ಬಂದವರೇ ಗದ್ದೆಗೆ ಇಳಿದರು. ಕೆಲವು ವರ್ಷದಲ್ಲಿ ಭೂಸುಧಾರಣೆ ಬಂದು, ಅವರು ಗೇಣಿಗೆ ಮಾಡುತ್ತಿದ್ದ ಗದ್ದೆ ಅವರದೇ ಆಯಿತು. ವೃದ್ಧರು ಇದನ್ನು ಹೇಳಿ, ಒಂದು ಕೈಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಆಡಿಸಿ ತೋರಿಸಿದರು: ಕತ್ತಿ ಹೋಯಿತು, ಗದ್ದೆ ಬಂತು.

ಆ ಮಾತು ನನ್ನನ್ನು ಮತ್ತೆ ೧೫೮೬ಕ್ಕೆ, ಅಲ್ಲಿಂದ ಎರಡು ವರ್ಷ ಮುಂದಕ್ಕೆ ಒಯ್ದಿತು.

೧೫೮೮ನೆಯ ಇಸವಿಯಲ್ಲಿ ಹಿದೆಯೊಷಿ ಒಂದು ಶಾಸನವನ್ನು ಹೊರಡಿಸಿದ. ಜಪಾನಿನ ಇತಿಹಾಸದಲ್ಲಿ ಅದಕ್ಕೆ ‘ಕತನಗರಿ’, ಕತ್ತಿಬೇಟೆ, ಎಂದು ಹೆಸರು. ಮೂರೇ ವಿಧಿಗಳು. ಮೊದಲನೆಯದು, ಯಾವ ಪ್ರಾಂತದ ರೈತನೂ ಕತ್ತಿ, ಬಾಕು, ಬಿಲ್ಲು, ಈಟಿ, ಬಂದೂಕು ಮೊದಲಾದ ಯಾವ ಆಯುಧವನ್ನೂ ಇಟ್ಟುಕೊಳ್ಳಕೂಡದು. ಇಟ್ಟುಕೊಂಡರೆ ಕಂದಾಯ ಕೊಡಲು ತಕರಾರು ಮಾಡುತ್ತಾನೆ, ದಂಗೆ ಏಳುತ್ತಾನೆ. ಎರಡನೆಯದು, ವಶಪಡಿಸಿಕೊಂಡ ಕತ್ತಿಗಳು ಹಾಳಾಗುವುದಿಲ್ಲ. ಕ್ಯೋತೊದಲ್ಲಿ ಕಟ್ಟುತ್ತಿರುವ ಮಹಾಬುದ್ಧನ ಮಂದಿರಕ್ಕೆ ಮೊಳೆಗಳೂ ಹಿಡಿಕೆಗಳೂ ಆಗುತ್ತವೆ. ಇದರಿಂದ ರೈತನಿಗೆ ಇಹದಲ್ಲಿಯೂ ಪರದಲ್ಲಿಯೂ ಶ್ರೇಯಸ್ಸು. ಮೂರನೆಯದು, ಬೇಸಾಯದ ಉಪಕರಣಗಳನ್ನು ಮಾತ್ರ ಇಟ್ಟುಕೊಂಡು ದುಡಿದರೆ ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಸುಖ. ಮೊದಲನೆಯ ವಿಧಿಯಲ್ಲಿ ದೊರೆಯ ಭಯ, ಎರಡನೆಯದರಲ್ಲಿ ದೇವರ ಹೆಸರು, ಮೂರನೆಯದರಲ್ಲಿ ತಂದೆಯ ಉಪದೇಶ. ಆಡಳಿತದ ಜಾಣ್ಮೆಯೆಲ್ಲ ಅಲ್ಲಿದೆ. ಆ ಮಹಾಬುದ್ಧನ ವಿಗ್ರಹ ೧೫೯೬ರ ಭೂಕಂಪದಲ್ಲಿ ಮುರಿದುಬಿತ್ತು. ಶಾಸನ ಮಾತ್ರ ಬೀಳಲಿಲ್ಲ.

ಕತ್ತಿಬೇಟೆಯ ಜೊತೆಗೆ ನೆಲದ ಅಳತೆಯೂ ನಡೆದಿತ್ತು. ೧೫೮೨ರಿಂದ ತೊಡಗಿ ಪ್ರಾಂತ ಪ್ರಾಂತಗಳಲ್ಲಿ ಹೊಲಗದ್ದೆಗಳನ್ನು ಅಳೆದು, ಹುಟ್ಟುವಳಿ ಎಷ್ಟು, ಉಳುವವನು ಯಾರು ಎಂದು ಲೆಕ್ಕದ ಪುಸ್ತಕಕ್ಕೆ ಏರಿಸಿದರು. ೧೫೯೧ರಲ್ಲಿ ಇನ್ನೊಂದು ಶಾಸನ ಬಂತು. ಸಮುರಾಯ್‌ಗಳ ಆಳುಕಾಳುಗಳು ರೈತರಾಗಿಯೋ ಪಟ್ಟಣಿಗರಾಗಿಯೋ ಮಾರ್ಪಡಕೂಡದು. ರೈತ ತನ್ನ ಹೊಲ ಬಿಟ್ಟು ವ್ಯಾಪಾರಕ್ಕಾಗಲಿ ಕೂಲಿಗಾಗಲಿ ಹೋಗಕೂಡದು. ಮೂರನ್ನೂ ಕೂಡಿಸಿ ನೋಡಿದರೆ ಗೋಡೆಯ ಆಕಾರ ಕಾಣುತ್ತದೆ. ೧೬೦೩ರಲ್ಲಿ ತೊಕುಗಾವ ವಂಶದವರ ಆಳ್ವಿಕೆ ಸ್ಥಾಪಿತವಾದ ಮೇಲೆ ಆ ಗೋಡೆಗೆ ಗಾರೆಯೂ ಬಿತ್ತು. ಸಮುರಾಯ್‌ಗೆ ಸೊಂಟದಲ್ಲಿ ಎರಡು ಕತ್ತಿ, ಹೆಸರಿನ ಜೊತೆಗೆ ಮನೆತನದ ಹೆಸರು. ನೂರು ಮನೆತನಗಳ ಹೆಸರನ್ನು ತನ್ನ ಜಾತಿನಾಮದಲ್ಲಿಯೇ ಹೊತ್ತಿದ್ದ ರೈತನಿಗೆ, ಬಹಿರಂಗವಾಗಿ ಒಂದು ಮನೆತನದ ಹೆಸರನ್ನೂ ಹೇಳಿಕೊಳ್ಳುವ ಹಕ್ಕಿಲ್ಲ!

ಇಷ್ಟು ಹೇಳಿ, ಹಳ್ಳಿಗಳೆಲ್ಲ ಒಂದೇ ದಿನದಲ್ಲಿ ಬರಿಗೈಯಾದವೆಂದು ಬರೆದರೆ ತಪ್ಪಾದೀತು. ಫುಜಿಕಿ ಹಿಸಾಷಿ ಎಂಬ ಜಪಾನೀ ಇತಿಹಾಸಕಾರರು ತೋರಿಸಿಕೊಟ್ಟಿರುವಂತೆ, ಕತ್ತಿಬೇಟೆಯ ಬಳಿಕವೂ ಹಳ್ಳಿಗಳಲ್ಲಿ ಆಯುಧಗಳು ಬೇಕಾದಷ್ಟು ಉಳಿದಿದ್ದವು. ಬೆಳೆಗೆ ನುಗ್ಗುವ ಮೃಗಗಳನ್ನು ಓಡಿಸಲು ಬಂದೂಕುಗಳೂ ಇದ್ದವು. ಶಾಸನ ಕಿತ್ತುಕೊಂಡದ್ದು ಕಬ್ಬಿಣಕ್ಕಿಂತ ಹೆಚ್ಚಾಗಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ಜನರ ಮುಂದೆ ನಡೆಯುವ ಅಧಿಕಾರವನ್ನು. ನನ್ನ ಪಕ್ಕದ ವೃದ್ಧರ ಮನೆಯ ಗಿಡ್ಡ ಕತ್ತಿ ಹೇಗೆ ಉಳಿದಿತ್ತೆಂಬುದಕ್ಕೂ ಇದೇ ಉತ್ತರವಿರಬಹುದು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಶಾಸನಕ್ಕೆ ಮುದ್ರೆಯೊತ್ತಿದ ಕೈ. ಹೊಲದಿಂದ ಹೊರಟವನು ಕತ್ತಿ ಹಿಡಿದು ಎಲ್ಲಿಯವರೆಗೆ ಏರಬಹುದೆಂಬುದನ್ನು ಹಿದೆಯೊಷಿಯಷ್ಟು ಚೆನ್ನಾಗಿ ಬಲ್ಲವರು ಜಪಾನಿನಲ್ಲಿ ಇನ್ನೊಬ್ಬರಿರಲಿಲ್ಲ. ತಾನು ಬಂದ ಬಾಗಿಲನ್ನು ತಾನೇ ಮುಚ್ಚಿದ. ತನ್ನ ಹಾಗೆ ಇನ್ನೊಬ್ಬ ಬಾರದಿರಲಿ ಎಂಬ ಎಚ್ಚರಿಕೆಯೋ, ನೂರು ವರ್ಷದ ಕಾದಾಟದಿಂದ ಬೇಸತ್ತ ನಾಡಿಗೆ ಶಾಂತಿ ಬರಲಿ ಎಂಬ ಆಸೆಯೋ? ಎರಡೂ ಇದ್ದಿರಬಹುದು. ಮುಂದಿನ ಎರಡೂವರೆ ಶತಮಾನ ಜಪಾನು ಬಹುಮಟ್ಟಿಗೆ ಯುದ್ಧವಿಲ್ಲದೆ ಬಾಳಿತೆಂಬುದನ್ನು ಮರೆಯಬಾರದು. ದರೋಡೆಗಾರರ ಭಯವಿಲ್ಲದೆ ಜವೆಗೋದಿ ಕೊಯ್ಯುವ ಭಾಗ್ಯ ಸಣ್ಣದೇನಲ್ಲ. ಅದಕ್ಕಾಗಿ ತೆತ್ತ ಬೆಲೆಯೆಂದರೆ ಕಿಕುಚಿಯೊನಂಥವರು ಮತ್ತೆ ಹುಟ್ಟಲಾಗದಂತೆ ಆದದ್ದು. ಆದರೆ ತಾನು ಮುಚ್ಚಿದ ಬಾಗಿಲು ಹಿದೆಯೊಷಿಯ ಮನೆಯನ್ನೂ ಕಾಯಲಿಲ್ಲ. ೧೫೯೮ರಲ್ಲಿ ಅವನು ತೀರಿಕೊಂಡ. ೧೬೧೫ರಲ್ಲಿ ಒಸಾಕಾ ಕೋಟೆ ಬಿದ್ದಾಗ ಅವನ ಮಗನೂ ಅಳಿದು, ರಾಜಸಭೆ ಕೊಟ್ಟ ಆ ಹೊಸ ಕುಲನಾಮ ಒಂದು ತಲೆಮಾರಿಗೆ ಮುಗಿಯಿತು.

ದೀಪ ಆರಿ ಚಿತ್ರ ಮುಂದುವರಿಯಿತು. ಉತ್ತರಾರ್ಧದಲ್ಲಿ ಕಾದಾಟವೇ ಹೆಚ್ಚು. ಗಿರಣಿ ಉರಿಯುತ್ತಿರುವಾಗ, ಸಾಯುತ್ತಿರುವ ತಾಯಿಯ ಕೈಯಿಂದ ಬಂದ ಕೂಸನ್ನು ಎದೆಗವಚಿಕೊಂಡು ಕಿಕುಚಿಯೊ ಹಳ್ಳದ ನೀರಿನಲ್ಲಿ ಕುಸಿದು ಕೂರುತ್ತಾನೆ. ಈ ಕೂಸು ತಾನೇ, ತನಗಾದದ್ದೂ ಇದೇ ಎಂದು ಗೋಳಾಡುತ್ತಾನೆ. ವಂಶಾವಳಿಯ ಸುರುಳಿ ಸುಳ್ಳು ಹೇಳಿತ್ತು. ಅವನ ನಿಜವಾದ ವಂಶಾವಳಿ ಇಲ್ಲಿ, ಮೊಣಕಾಲುದ್ದ ನೀರಿನಲ್ಲಿ ಸಿಕ್ಕಿತು. ಕೊನೆಗೆ ಸುರಿಯುವ ಮಳೆಯಲ್ಲಿ, ಕೆಸರಿನಲ್ಲಿ ಅಂತಿಮ ಕಾಳಗ. ಏಳು ಮಂದಿಯಲ್ಲಿ ನಾಲ್ವರು ಸಾಯುತ್ತಾರೆ. ನಾಲ್ವರೂ ಸಾಯುವುದು ಗುಂಡಿನಿಂದ. ಕತ್ತಿಯ ಏಟಿಗೆ ಒಬ್ಬನೂ ಬೀಳುವುದಿಲ್ಲ. ೧೫೪೩ರಲ್ಲಿ ಪೋರ್ಚುಗೀಸರ ಮೂಲಕ ತನೆಗಷಿಮ ದ್ವೀಪಕ್ಕೆ ಬಂದಿಳಿದ ಬಂದೂಕು, ನಲವತ್ತಮೂರು ವರ್ಷದಲ್ಲಿ ಕಳ್ಳರ ಕೈಯವರೆಗೂ ಬಂದಿತ್ತು. ಕತ್ತಿಯ ಕಾಲ ಮುಗಿಯುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ನೋಡುತ್ತೇವೆ.

ಬಂದೂಕು ಆರಂಭಿಸಿದ ಕೆಲಸ ಪೂರ್ಣವಾದದ್ದು ಸುಮಾರು ಮುನ್ನೂರು ವರ್ಷಗಳ ತರುವಾಯ. ೧೮೬೮ರಲ್ಲಿ ಮೇಜಿ ಚಕ್ರವರ್ತಿಯ ಆಳ್ವಿಕೆ ತೊಡಗಿತು. ೧೮೭೦ರಲ್ಲಿ ಜನಸಾಮಾನ್ಯರಿಗೆ ಮನೆತನದ ಹೆಸರಿಟ್ಟುಕೊಳ್ಳಲು ಅಪ್ಪಣೆಯಾಯಿತು; ೧೮೭೫ರಲ್ಲಿ ಇಟ್ಟುಕೊಳ್ಳಲೇಬೇಕೆಂದು ಆಜ್ಞೆಯಾಯಿತು. ೧೮೭೩ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದು ರೈತರ ಮಕ್ಕಳ ಕೈಗೆ ಸರ್ಕಾರವೇ ಬಂದೂಕು ಕೊಟ್ಟಿತು. ೧೮೭೬ರಲ್ಲಿ ಸಮುರಾಯ್‌ಗಳು ಬೀದಿಯಲ್ಲಿ ಕತ್ತಿ ಧರಿಸಕೂಡದೆಂದು ಶಾಸನವಾಯಿತು. ಮರುವರ್ಷ ಸತ್ಸುಮ ಪ್ರಾಂತದ ಸಮುರಾಯ್‌ಗಳು ದಂಗೆಯೆದ್ದಾಗ ಅವರನ್ನು ಮುರಿದ ಸೈನ್ಯದಲ್ಲಿ ರ‍್ಯೆತರ ಮಕ್ಕಳೇ ತುಂಬಿದ್ದರು. ಮೂರನೆಯ ಸಲ ಕತ್ತಿಗಳನ್ನು ಒಟ್ಟುಮಾಡಿದ್ದು ವೃದ್ಧರು ಹೇಳಿದ ೧೯೪೫ರಲ್ಲಿ. ಟೋಕಿಯೋದ ಅಕಬಾನೆ ಎಂಬಲ್ಲಿ ರಾಶಿ ಬಿದ್ದ ಕತ್ತಿಗಳಲ್ಲಿ ಕಲಾಕೃತಿಗಳೆನಿಸಿದವನ್ನು ಆಮೇಲೆ ಆರಿಸಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಆ ಸಲ ಬೇಟೆ ಪರದೆಯ ಮೇಲಿನ ಕತ್ತಿಗೂ ತಗುಲಿತು. ಸೇಡು, ಪ್ರಭುನಿಷ್ಠೆ ಮೊದಲಾದ ಹದಿಮೂರು ವಿಷಯಗಳನ್ನು ಚಿತ್ರಗಳಲ್ಲಿ ತರಕೂಡದೆಂದು ಅಮೆರಿಕನ್ನರ ಆಡಳಿತ ೧೯೪೫ರ ನವೆಂಬರಿನಲ್ಲಿ ವಿಧಿಸಿತು. ಕುರೊಸಾವ ಅವರೇ ಆ ವರ್ಷ ತೆಗೆದ ಹಳೆಯ ಕಾಲದ ಚಿತ್ರವೊಂದು ೧೯೫೨ರವರೆಗೆ ಹೊರಬರಲಿಲ್ಲ. ಆ ವರ್ಷದ ಏಪ್ರಿಲ್ ೨೮ರಂದು ಪರಾಧೀನತೆ ಕೊನೆಗೊಂಡಿತು. ಅದಾದ ಎರಡು ವರ್ಷಕ್ಕೆ ಏಳು ಮಂದಿ ಸಮುರಾಯ್ ಕತ್ತಿಯೊಡನೆ ಪರದೆಯ ಮೇಲೆ ಬಂದರು. ಅದೇ ೧೯೫೪ರ ಜುಲೈ ೧ರಂದು, ಯುದ್ಧವನ್ನು ತೊರೆದೆವೆಂದು ಸಂವಿಧಾನದಲ್ಲಿ ಬರೆದುಕೊಂಡಿದ್ದ ದೇಶ ಆತ್ಮರಕ್ಷಣಾ ಪಡೆಯನ್ನು ಕಟ್ಟಿತು. ಊರನ್ನು ಕಾಯುವವರು ಯಾರು, ಕಾಯುವವರ ಕೈಯಲ್ಲಿ ಕತ್ತಿ ಇರಬೇಕೆ, ಅವರಿಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆಗಳು ಅಂದಿನ ಪ್ರೇಕ್ಷಕನಿಗೆ ಬರಿಯ ಹಳೆಯ ಕಥೆಯಾಗಿರಲಿಲ್ಲ.

ಕೊನೆಯ ದೃಶ್ಯ ಎಲ್ಲರಿಗೂ ಗೊತ್ತಿರುವಂಥದು. ಬಿಸಿಲು ಬಂದಿದೆ. ರೈತರು ಹಾಡುತ್ತ, ತಮಟೆ ಬಾರಿಸುತ್ತ ನಾಟಿ ಹಾಕುತ್ತಿದ್ದಾರೆ. ಬದುಕುಳಿದ ಮೂವರು ಸಮುರಾಯ್‌ಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಗೆದ್ದವರು ರೈತರು, ತಾವಲ್ಲ ಎಂದು ಕಂಬೆಯ್ ಹೇಳುತ್ತಾನೆ. ವಿದ್ಯಾರ್ಥಿಯಾಗಿದ್ದಾಗ ಆ ಮಾತಿಗೆ ನಾನು ಮೈಮರೆತು ಚಪ್ಪಾಳೆ ತಟ್ಟಿದ್ದೆ. ಈ ಸಲ ತಟ್ಟಲಾಗಲಿಲ್ಲ. ಆ ನಾಟಿಯ ಪೈರು ಇನ್ನೆರಡು ಸಲ ಕೊಯ್ಲಿಗೆ ಬರುವಷ್ಟರಲ್ಲಿ ಹಿದೆಯೊಷಿಯ ಅಧಿಕಾರಿಗಳು ಹಳ್ಳಿಗೆ ಬರುತ್ತಾರೆ, ಮನೆ ಮನೆ ಹೊಕ್ಕು ಬಿದಿರ ಈಟಿಗಳನ್ನೂ ಎಣಿಸುತ್ತಾರೆ, ಮಹಾಬುದ್ಧನ ಮೊಳೆಯ ಪುಣ್ಯವನ್ನು ವಿವರಿಸುತ್ತಾರೆ ಎಂಬುದು ಹಾಡುತ್ತಿರುವ ಆ ಹೆಂಗಸರಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು.

ಗುಡ್ಡದ ಮೇಲೆ ನಾಲ್ಕು ಗೋರಿಗಳು. ಮಣ್ಣಿನ ದಿಬ್ಬಗಳ ನೆತ್ತಿಯಲ್ಲಿ ಕತ್ತಿಗಳನ್ನು ನೆಟ್ಟಿದ್ದಾರೆ. ಒಂದರಡಿಯಲ್ಲಿ ಕಿಕುಚಿಯೊ ಇದ್ದಾನೆ. ಬದುಕಿದ್ದಾಗ ಬಯಸಿದ್ದು ಸತ್ತಮೇಲೆ ಸಿಕ್ಕಿತು. ಅವನೂ ಸಮುರಾಯ್ ಆದ. ಆದರೆ ಹೆತ್ತವರು ಇಟ್ಟ ಹೆಸರು ಯಾವುದೆಂದು ಬರೆಯುವುದಾದರೂ ಹೇಗೆ?

ಹೊರಗೆ ಬಂದಾಗ ಸಂಜೆಯಾಗಿತ್ತು. ಮೆಟ್ಟಿಲ ಬಳಿ ವೃದ್ಧರು ನಿಂತಿದ್ದರು. ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ಕೇಳಿ ತೆಗೆದುಕೊಂಡು, ತಮ್ಮ ಮನೆತನದ ಹೆಸರಿನ ಮೊದಲ ಅಕ್ಷರವನ್ನು ಬರೆದು ತೋರಿಸಿದರು. ಒಂದು ಚೌಕ, ಅದರೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಬದು ಹಾಕಿದ ಗದ್ದೆಯ ಚಿತ್ರವೇ ಅದು. ಓದುವುದು ‘ತ’ ಎಂದು, ಅರ್ಥವೂ ಗದ್ದೆ. ೧೮೭೫ರಲ್ಲಿ ಹೆಸರಿಟ್ಟುಕೊಳ್ಳಲೇಬೇಕೆಂದು ಆಜ್ಞೆಯಾದಾಗ, ಮುತ್ತಾತ ಬಾಗಿಲಲ್ಲಿ ನಿಂತು ಕಣ್ಣೆದುರಿಗೆ ಕಂಡದ್ದನ್ನೇ ಹೆಸರಾಗಿ ಬರೆಸಿದರಂತೆ. ಚಿತ್ರದಲ್ಲಿ ಸಮುರಾಯ್‌ಗಳು ಹಾರಿಸುವ ಬಾವುಟ ನನಗೆ ನೆನಪಾಯಿತು. ಅದರಲ್ಲಿ ಆರು ಮಂದಿಗೆ ಆರು ವೃತ್ತಗಳು, ಏಳನೆಯವನಿಗೆ ಬೇರೆಯಾಗಿ ಒಂದು ತ್ರಿಕೋಣ, ಎಲ್ಲಕ್ಕಿಂತ ಕೆಳಗೆ ಹಳ್ಳಿಯ ಗುರುತಾಗಿ ‘ತ’ ಎಂಬ ಅಕ್ಷರ. ಸಮುರಾಯ್‌ಗಳ ಸಾಲಿಗೂ ಗದ್ದೆಗೂ ನಡುವೆ ನಿಂತಿರುವುದು ಆ ತ್ರಿಕೋಣ.

ವೃದ್ಧರು ಪುಸ್ತಕವನ್ನು ಹಿಂದಕ್ಕೆ ಕೊಟ್ಟು, ತಲೆಬಾಗಿ, ಕೋಲೂರಿಕೊಂಡು ಸ್ಟೇಷನ್ನಿನ ಕಡೆಗೆ ನಡೆದರು. ಅವರ ಹೆಸರಿನ ಉಳಿದ ಅಕ್ಷರವನ್ನು ನಾನು ಕೇಳಲಿಲ್ಲ.